ಕಾರ್ಖಾನೆಗಳ ನಕ್ಷೆ ಓದುವುದು ಹೇಗೆ

ಭೂಗೋಳ ಓದುವವರು, ಕೆಎಎಸ್‌ಗೆ ತಯಾರಿ ಮಾಡುವವರು ಜೆಮ್‌ಶೆಡ್‌ಪುರ ಅಂದ್ರೆ ಉಕ್ಕು, ತಿರುಪ್ಪೂರು ಅಂದ್ರೆ ಬನಿಯನ್ ಅಂತ ಪಟ್ಟಿ ಉರು ಹೊಡೆಯುತ್ತಾರೆ. ಪಟ್ಟಿ ಬೇಗ ಮರೆತುಹೋಗುತ್ತದೆ. ಅದರ ಬದಲು ಪ್ರತಿ ಊರಿಗೂ ಒಂದೇ ಪ್ರಶ್ನೆ ಹಾಕಿ: ಇದು ಇಲ್ಲೇ ಯಾಕೆ ಬಂತು?

ಮೊದಲು ತೂಕ ನೋಡಿ. ಒಂದು ಟನ್ ಕಬ್ಬು ನುರಿಸಿದರೆ ಸಕ್ಕರೆ ಸಿಗುವುದು ಹತ್ತಿರ ಹತ್ತಿರ 100 ಕೆಜಿ. ಕಡಿದ ಕಬ್ಬು ಒಣಗುತ್ತಾ ಹೋದಂತೆ ಸಕ್ಕರೆ ಅಂಶವೂ ಇಳಿಯುತ್ತದೆ. ಹಾಗಾಗಿ ಕಾರ್ಖಾನೆಯೇ ಗದ್ದೆ ಹತ್ತಿರ ಬರಬೇಕು, ಬೆಳಗಾವಿ, ಬಾಗಲಕೋಟೆ, ಮಂಡ್ಯದಲ್ಲಿ ಆಗಿರುವುದು ಅದೇ. ಸಿಮೆಂಟೂ ಹಾಗೇ, ಸುಣ್ಣದ ಕಲ್ಲು ಇರುವ ಕಲಬುರಗಿ ಜಿಲ್ಲೆಯ ವಾಡಿ, ಸೇಡಂ ಬಿಟ್ಟು ಹೋಗುವುದಿಲ್ಲ. ಹತ್ತಿ ಬೇರೆ. ನೂಲಾದರೂ ತೂಕ ಅಷ್ಟೇನೂ ಕಡಿಮೆಯಾಗಲ್ಲ, ಅದಕ್ಕೇ ಗಿರಣಿಗಳು ಹೊಲದಿಂದ ದೂರ ಹೋಗಬಲ್ಲವು.

ಆಮೇಲೆ ಉರುವಲು, ಕರೆಂಟು, ಬಂದರು. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಶುರುವಾದಾಗ ಹತ್ತಿರ ಕಲ್ಲಿದ್ದಲು ಇರಲಿಲ್ಲ, ಮಲೆನಾಡಿನ ಮರದ ಇದ್ದಿಲಿನಲ್ಲೇ ಕೆಮ್ಮಣ್ಣುಗುಂಡಿಯ ಅದಿರು ಕರಗಿಸಿದರು. ಕೊಯಮತ್ತೂರಿನಲ್ಲಿ ಗಿರಣಿಗಳು ಜಾಸ್ತಿಯಾಗಿದ್ದು 1930ರ ದಶಕದಲ್ಲಿ ನೀಲಗಿರಿಯ ಪೈಕಾರಾದ ಜಲವಿದ್ಯುತ್ ಬಂದ ಮೇಲೆ. ಇಲ್ಲಿಯವರೆಗೆ ಪಠ್ಯಪುಸ್ತಕದಲ್ಲೂ ಸಿಗುತ್ತದೆ.

ಮೂರನೇ ಪ್ರಶ್ನೆಯನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ, ನನ್ನ ಪ್ರಕಾರ ಅದೇ ಮುಖ್ಯ: ಸರ್ಕಾರ ಏನು ಮಾಡಿತು? ಜಾರ್ಖಂಡ್ ನೋಡಿ. ಅದಿರೂ ಇದೆ, ಕಲ್ಲಿದ್ದಲೂ ಇದೆ. ಹಾಗಿದ್ದರೆ ಉಕ್ಕು ಬಳಸುವ ಯಂತ್ರ, ವಾಹನ, ಬಿಡಿಭಾಗದ ಕಾರ್ಖಾನೆಗಳೆಲ್ಲ ಅಲ್ಲೇ ತುಂಬಿರಬೇಕಿತ್ತು ಅಲ್ವಾ? 1950ರ ದಶಕದಲ್ಲಿ ಕೇಂದ್ರ ಸರ್ಕಾರ ಸಾಗಣೆ ವೆಚ್ಚ ಸಮೀಕರಣ ನೀತಿ ತಂದಿತು, ಅಂದರೆ ಉಕ್ಕನ್ನು ಜೆಮ್‌ಶೆಡ್‌ಪುರದ ಪಕ್ಕದಲ್ಲಿ ಕೊಂಡರೂ ಮುಂಬೈಯಲ್ಲಿ ಕೊಂಡರೂ ಒಂದೇ ದರ. ಬಂದರು, ಬ್ಯಾಂಕು, ಮಾರುಕಟ್ಟೆ ಎಲ್ಲ ಇರುವ ಪಶ್ಚಿಮ, ದಕ್ಷಿಣದ ಊರುಗಳನ್ನು ಬಿಟ್ಟು ಇನ್ಯಾರು ಪೂರ್ವಕ್ಕೆ ಹೋಗುತ್ತಾರೆ? ಪಶ್ಚಿಮದ ಹತ್ತಿಗೆ ಮಾತ್ರ ಈ ಸೌಲಭ್ಯ ಇರಲಿಲ್ಲ, ಅದನ್ನು ಪೂರ್ವದವರು ಪೂರ್ತಿ ಸಾಗಣೆ ಖರ್ಚು ಕೊಟ್ಟೇ ತರಿಸಬೇಕಿತ್ತು. 1990ರ ದಶಕದ ಆರಂಭದಲ್ಲಿ ನೀತಿ ಹೋಯಿತು, ಅಷ್ಟರಲ್ಲಿ ಕಾರ್ಖಾನೆಗಳು ಬೇರೆಡೆ ಬೇರು ಬಿಟ್ಟಿದ್ದವು. ಆ ಭಾಗದ ಜನ ಕೆಲಸ ಹುಡುಕಿಕೊಂಡು ಇವತ್ತು ಬೆಂಗಳೂರು, ಸೂರತ್‌ಗೆ ಬರುವುದರ ಹಿಂದೆ ಇದೂ ಒಂದು ಕಾರಣ. ಅವರ ಊರನ್ನು ಸುಮ್ನೆ ‘ಹಿಂದುಳಿದದ್ದು’ ಅನ್ನುವುದು ಅನ್ಯಾಯ.

ಇದೇ ಪ್ರಶ್ನೆಯನ್ನು ಬೆಂಗಳೂರಿಗೂ ಹಾಕಿ. ಇಲ್ಲಿ ಅದಿರಿಲ್ಲ, ಬಂದರಿಲ್ಲ. ಆದರೆ ಸರ್ಕಾರ ಹಣ ಹಾಕಿದ ಕಾರ್ಖಾನೆಗಳು ಬಂದವು: ವಿಮಾನದ ಎಚ್‌ಎಎಲ್ 1940ರಲ್ಲಿ, ಟೆಲಿಫೋನ್‌ನ ಐಟಿಐ 1948ರಲ್ಲಿ, ಯಂತ್ರೋಪಕರಣದ ಎಚ್‌ಎಂಟಿ 1953ರಲ್ಲಿ, ರಕ್ಷಣಾ ಎಲೆಕ್ಟ್ರಾನಿಕ್ಸ್‌ನ ಬಿಇಎಲ್ 1954ರಲ್ಲಿ. ಅವು ತಯಾರು ಮಾಡಿದ ಟರ್ನರ್, ಫಿಟ್ಟರ್, ಟೂಲ್‌ಮೇಕರ್‌ಗಳಿಂದಲೇ ಸಣ್ಣ ವರ್ಕ್‌ಶಾಪ್‌ಗಳು ಬೆಳೆದವು. ಕೆಲಸ ಬಲ್ಲವರು ಒಂದೂರಲ್ಲಿ ಸೇರಿದರೆ ಮುಂದಿನ ಕಾರ್ಖಾನೆಯೂ ಅಲ್ಲಿಗೇ ಬರುತ್ತದೆ.

ಅಂಕಿ ನೋಡುವಾಗ ಹುಷಾರಾಗಿರಿ. ಕೇಂದ್ರ ಸರ್ಕಾರದ ವಾರ್ಷಿಕ ಕೈಗಾರಿಕಾ ಸಮೀಕ್ಷೆ ತೆಗೆದುಕೊಳ್ಳಿ. ಕಾರ್ಖಾನೆಗಳ ಸಂಖ್ಯೆ ನೋಡಿದರೆ ತಮಿಳುನಾಡು ಮುಂದೆ, ಉತ್ಪಾದನೆಯ ಮೌಲ್ಯ ನೋಡಿದರೆ ಗುಜರಾತ್. ಜಾಮ್‌ನಗರದಂಥ ತೈಲ ಸಂಸ್ಕರಣಾಗಾರದ ಉತ್ಪಾದನೆ ಬೃಹತ್ತು, ಅದಕ್ಕೆ ಹೋಲಿಸಿದರೆ ಕೆಲಸಗಾರರು ಕಡಿಮೆ. ಬಟ್ಟೆ ಹೊಲಿಯುವ ಫ್ಯಾಕ್ಟರಿಯಲ್ಲಿ ಇದು ಉಲ್ಟಾ. ಆದ್ದರಿಂದ ಸಂಖ್ಯೆ, ಮೌಲ್ಯ, ಉದ್ಯೋಗ ಮೂರನ್ನೂ ಬೇರೆ ಬೇರೆ ನಕ್ಷೆಯಾಗಿ ಬರೆಯಿರಿ. ಇಳಕಲ್‌ನ ಮನೆ ಮಗ್ಗದಂಥವು ಈ ಸಮೀಕ್ಷೆಗೆ ಸಿಗುವುದೇ ಇಲ್ಲ, ಯಾಕೆಂದರೆ ಅದು ಮುಖ್ಯವಾಗಿ ನೋಡುವುದು ಕರೆಂಟು ಬಳಸಿ 10, ಬಳಸದೆ 20 ಅಥವಾ ಹೆಚ್ಚು ಕೆಲಸಗಾರರಿರುವ ನೋಂದಾಯಿತ ಕಾರ್ಖಾನೆಗಳನ್ನು.

ಕೊನೆಗೆ ನಿಮ್ಮದೇ ಜಿಲ್ಲೆಯ ನಕ್ಷೆ ಮಾಡಿ. ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಕಾರ್ಖಾನೆಗಳ ಮಾಹಿತಿ ಕೇಳಿ. ಪ್ರತಿಯೊಂದರ ಮುಂದೆ ಕಚ್ಚಾವಸ್ತು, ಕರೆಂಟು, ಸಾಗಣೆ, ಕೆಲಸಗಾರರು, ಸರ್ಕಾರ ಅಂತ ಕಾರಣ ಬರೆಯಿರಿ. ಸರ್ಕಾರ ಅಂತ ಬರೆದ ಕಡೆ ಆದೇಶ ಬಂದ ವರ್ಷ, ಕೊಟ್ಟ ರಿಯಾಯಿತಿ ಎರಡನ್ನೂ ಹುಡುಕಿ ಪಕ್ಕದಲ್ಲೇ ಸೇರಿಸಿ.