ಒಂದೇ ಲೋಡಿನ ಮೀನು ಮರಿ, ಮೂಡಿಗೆರೇಲಿ ಅರ್ಧ ಕೆಜಿ, ಸಿಂಧನೂರಲ್ಲಿ ಒಂದು ಕೆಜಿ

ನಮ್ದು ಮೂಡಿಗೆರೆ ಹತ್ರ ಕಾಫಿ ತೋಟ, ಕೆಳಗಡೆ ಪಾಳು ಬಿದ್ದಿದ್ದ ಗದ್ದೇಲಿ ಹೊಂಡ ತೆಗೆಸಿ ಮೀನು ಬಿಟ್ಟಿದೀನಿ. ಭಾವ ಇರೋದು ರಾಯಚೂರು ಜಿಲ್ಲೆ ಸಿಂಧನೂರು ಕಡೆ, ಬಿಸಿಲು ಸೀಮೆ, ಅವ್ರದ್ದೂ ಒಂದು ಹೊಂಡ ಇದೆ. ಆಗಸ್ಟಲ್ಲಿ ಭದ್ರಾ ಡ್ಯಾಂ ಹತ್ರದ ಬಿಆರ್‌ಪಿಯಿಂದ ಒಂದೇ ಗಾಡೀಲಿ ಕಾಟ್ಲಾ, ರೋಹು ಮರಿ ತಂದು ಹಂಚ್ಕೊಂಡ್ವಿ. ಮುಂದಿನ ಜೂನಲ್ಲಿ ಬಲೆ ಎಳೆದ್ರೆ ಅವರ ಕಾಟ್ಲಾ ಕೆಜಿ ದಾಟಿದೆ, ನಂದು ಅರ್ಧ ಕೆಜಿಗೇ ಏದುಸಿರು ಬಿಡ್ತಿದೆ! ಇಬ್ರೂ ಹಾಕಿದ್ದು ಅದೇ ತೌಡು, ಅದೇ ಕಡ್ಲೆ ಹಿಂಡಿ.

ಮರಿ ಸರಿ ಇಲ್ಲ ಅಂತ ಒಂದಷ್ಟು ದಿನ ಬೈಕೊಂಡು ಓಡಾಡಿದೆ. ಆಮೇಲೆ ಅಕ್ವೇರಿಯಂ ಥರ್ಮಾಮೀಟರ್ ಒಂದನ್ನ ಹಗ್ಗಕ್ಕೆ ಕಟ್ಟಿ ಎರಡಡಿ ಆಳಕ್ಕೆ ಬಿಟ್ಟು ನೋಡೋಕೆ ಶುರು ಮಾಡಿದೆ, ಡಿಸೆಂಬರ್ ಬೆಳಿಗ್ಗೆ 18 ಡಿಗ್ರಿ. ಕಾಟ್ಲಾ, ರೋಹುಗೆ 25ರಿಂದ 30 ಇದ್ರೆ ಹಸಿವು ಚೆನ್ನಾಗಿರುತ್ತೆ, 20ಕ್ಕಿಂತ ಕೆಳಗೆ ಹೋದ್ರೆ ಬಾಯೇ ತೆಗೆಯಲ್ಲ ಅನ್ನೋ ಹಾಗೆ, ಯಾಕಂದ್ರೆ ಮೀನಿಗೆ ನಮ್ಮ ಥರ ಮೈ ಬಿಸಿ ಇಟ್ಕೊಳ್ಳೋ ವ್ಯವಸ್ಥೆ ಇಲ್ಲ, ನೀರು ಎಷ್ಟೋ ಮೈ ಅಷ್ಟೇ. ನಾನು ಮೂರು ತಿಂಗಳು ಸುರಿದ ಹಿಂಡಿ ಎಲ್ಲಾ ತಳದಲ್ಲಿ ಕೊಳೀತಾ ಇತ್ತು, ಕೋಲು ಹಾಕಿ ಕೆದಕಿದ್ರೆ ಗುಳ್ಳೆ ಎದ್ದು ಕೆಟ್ಟ ಮೊಟ್ಟೆ ವಾಸನೆ.

ಮಗಳ ಸ್ಕೂಲ್ ಪ್ರಾಜೆಕ್ಟಿನ ಭೂತಗನ್ನಡೀಲಿ ಮೀನಿನ ಮೈ ಮೇಲಿನ ಹುರುಪೆ ಒಂದನ್ನ ನೋಡಿದ್ದು ಮಾತ್ರ ಮರೆಯಲ್ಲ. ಮರದ ಉಂಗುರದ ಹಾಗೆ ಗೆರೆಗಳು, ಬೆಳೆದ ದಿನದ್ದು ಅಗಲ ಅಗಲಕ್ಕೆ, ಚಳಿ ದಿನದ್ದು ಒತ್ತೊತ್ತಾಗಿ.

ಹಾಗಂತ ಸೆಕೆ ಇದ್ರೆ ಗೆದ್ದ ಹಾಗೆ ಅಂತಲ್ಲ. ಮೇ ತಿಂಗಳು, ಎರಡು ದಿನ ಮೋಡ, ಬೆಳಗಿನ ಜಾವ ನಾಲ್ಕಕ್ಕೆ ಭಾವನ ಫೋನು, ಮೀನೆಲ್ಲ ಮೇಲೆ ಬಂದು ಬಾಯಿ ಬಾಯಿ ಬಿಡ್ತಿವೆ ಅಂತ. 20 ಡಿಗ್ರಿ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿಯುತ್ತೆ, 30ಕ್ಕೆ ಏಳೂವರೆ ಅಷ್ಟೇ, ಆದ್ರೆ ಆ ಬಿಸೀಲಿ ಮೀನಿಗೆ ಬೇಕಾಗೋ ಗಾಳಿ ಹೆಚ್ಚುಕಮ್ಮಿ ಡಬಲ್. ಮೋಡ ಇದ್ದಾಗ ಪಾಚಿನೂ ಆಮ್ಲಜನಕ ಸರಿಯಾಗಿ ಬಿಡಲ್ಲ, ರಾತ್ರಿ ಅದೇ ಎಳ್ಕೊಳುತ್ತೆ. ಮೋಟ್ರು ಹಾಕಿ ನೀರು ಮೇಲಿಂದ ಚಿಮ್ಮಿಸೋ ಅಷ್ಟ್ರಲ್ಲಿ ದೊಡ್ಡವೇ ಮೊದ್ಲು ಹೋದ್ವು.

ತಣ್ಣೀರಿನ ಮೀನು ನಿಧಾನ ಬೆಳೆದು ಸಾಮಾನ್ಯವಾಗಿ ಹೆಚ್ಚು ದಿನ ಬದುಕುತ್ತೆ, ಆದ್ರೆ ನಾವೇನು ಅದರ ಆಯಸ್ಸು ನೋಡೋಕೆ ಸಾಕ್ತೀವಾ? (ಶೃಂಗೇರಿ ದೇವರ ಮೀನಿನ ಉದಾಹರಣೆ ಕೊಡ್ಬೇಡಿ, ಅವನ್ನ ಯಾರೂ ಹಿಡಿಯಲ್ಲ.)

ಈಗ ನಾನು ಆಗಸ್ಟಲ್ಲಿ ಸಣ್ಣ ಮರಿ ಬಿಡಲ್ಲ, ಜೂನಲ್ಲೇ ಗೇಣುದ್ದ ಮರಿ ಬಿಡ್ತೀನಿ, ಚಳಿ ಬರೋದ್ರೊಳಗೆ ಅವಕ್ಕೆ ಐದು ತಿಂಗಳು ಸಿಗುತ್ತೆ. ಅರ್ಧದಷ್ಟು ಸಾಮಾನ್ಯ ಗೆಂಡೆ (ಕಾಮನ್ ಕಾರ್ಪ್), ಅದು ಚಳಿ ತಡ್ಕೊಳುತ್ತೆ. ಹೊಂಡಕ್ಕೆ ಬೆಳಗಿನ ಬಿಸಿಲು ಬೀಳಲಿ ಅಂತ ಪೂರ್ವದ ಕಡೆ ಸಿಲ್ವರ್ ಓಕ್ ಕೊಂಬೆ ಸವರಿಸಿದೆ. ಡಿಸೆಂಬರ್, ಜನವರೀಲಿ ಮಧ್ಯಾಹ್ನ ಹನ್ನೆರಡರ ಮೇಲೆ ಥರ್ಮಾಮೀಟರ್ ನೋಡಿ, ನೀರು ಬೆಚ್ಚಗಿದ್ರೆ ಒಂದು ಹಿಡಿ ಹಿಂಡಿ, ಇಲ್ಲಾಂದ್ರೆ ಅದೂ ಇಲ್ಲ. ಕಾಟ್ಲಾ ಈ ಸಲ 700 ಗ್ರಾಂ ಬಂತು. ಭಾವ ಇನ್ನೂ ನಗ್ತಾರೆ, ಆದ್ರೆ ನೀರಿಗೆ ಗಾಳಿ ಸೇರಿಸೋ ಏರಿಯೇಟರ್ ರೇಟ್ ಎಷ್ಟು ಅಂತ ವಿಚಾರಿಸ್ತಾ ಇರೋದು ಅವರೇ.