ಬೇಸಿಗೆ ರಜೆಗೆ ಮನೆ ಮುಂದೆ ಒಂದು ಅರವಟ್ಟಿಗೆ

ದೇವರು, ಧರ್ಮ ಅಂತ ಕೂರಿಸಿಕೊಂಡು ಪಾಠ ಹೇಳಿದರೆ ರಜೆಯಲ್ಲಿ ಯಾವ ಮಕ್ಕಳೂ ಕೇಳುವುದಿಲ್ಲ ಅಲ್ವಾ? ಅದರ ಬದಲು ಕೈಗೆ ಕೆಲಸ ಕೊಡಿ. ಬಿಸಿಲಲ್ಲಿ ದಾರಿಹೋಕರಿಗೆ ನೀರು, ಮಜ್ಜಿಗೆ ಕೊಡುವುದನ್ನು ನಮ್ಮ ಹಿರಿಯರು ಪುಣ್ಯದ ಕೆಲಸ ಅಂತಲೇ ಮಾಡಿಕೊಂಡು ಬಂದಿದ್ದಾರೆ.

ಗೇಟಿನ ಪಕ್ಕ ನೆರಳಿನಲ್ಲಿ ಮಣ್ಣಿನ ಮಡಕೆ, ಅದಕ್ಕೊಂದು ಮುಚ್ಚಳ, ಉದ್ದ ಹಿಡಿಯ ಸೌಟು, ನಾಲ್ಕು ಸ್ಟೀಲ್ ಲೋಟ ಇಟ್ಟರೆ ಆಯ್ತು. ಪ್ಲಾಸ್ಟಿಕ್ ಲೋಟ ಖಂಡಿತ ಬೇಡ. ದಿನಾ ಬೆಳಿಗ್ಗೆ ಮಡಕೆ ತೊಳೆದು ಕುದಿಸಿ ಆರಿಸಿದ ನೀರು ತುಂಬುವುದು ಮಕ್ಕಳ ಪಾಲಿನ ಕೆಲಸ. ಪೌರಕಾರ್ಮಿಕರು, ಡೆಲಿವರಿ ಹುಡುಗರು ಬಂದಾಗ "ನೀರು ತಗೊಳ್ಳಿ ಅಣ್ಣಾ" ಅಂತ ಮಕ್ಕಳೇ ಕರೆದು ಕೊಡಲಿ. ಸಂಕೋಚ ಎರಡು ದಿನ, ಅಷ್ಟೇ.

ವೈಶಾಖದಲ್ಲಿ ಬಸವ ಜಯಂತಿ, ನರಸಿಂಹ ಜಯಂತಿ ಬರುತ್ತವೆ. ಆ ದಿನ ಪಾನಕ ಮಾಡಿ. ಒಂದು ಲೀಟರ್ ನೀರಿಗೆ ಸುಮಾರು 150 ಗ್ರಾಂ ಬೆಲ್ಲ, ಒಂದು ನಿಂಬೆಹಣ್ಣು, ಏಲಕ್ಕಿ, ಚೂರು ಶುಂಠಿ. ಬೆಲ್ಲ ಕರಗಿದ ಮೇಲೆ ಸೋಸಲೇಬೇಕು, ತಳದಲ್ಲಿ ಮಣ್ಣು ಇರುತ್ತದೆ. ಯಾಕೆ ಈ ಹಬ್ಬ ಅನ್ನುವ ಕಥೆ ಅಜ್ಜಿ ನಿಂಬೆ ಹಿಂಡುವಾಗಲೇ ಹೇಳಿಬಿಡಲಿ.

ಪ್ರವಾಸ ಹೋಗುವುದಾದರೆ ಹಳೇಬೀಡು ಒಳ್ಳೆಯದು. ಅಲ್ಲಿನ ಹೊಯ್ಸಳೇಶ್ವರ ದೇವಸ್ಥಾನದ ಗೋಡೆಯ ಮೇಲೆ ರಾಮಾಯಣ, ಮಹಾಭಾರತದ ಪ್ರಸಂಗಗಳಿವೆ, ಮಕ್ಕಳೇ ಹುಡುಕಲಿ. ಬೆಳಿಗ್ಗೆ ಬೇಗ ಹೋಗಿ, ಜೊತೆಗೆ ಹಳೆ ಸಾಕ್ಸ್ ಇರಲಿ. ಹೊತ್ತೇರಿದರೆ ಕಲ್ಲಿನ ಮೇಲೆ ಕಾಲಿಡಲು ಆಗುವುದಿಲ್ಲ.