ಟಾಪ್ ತೆಗೆದ ಕಾರಿನಲ್ಲಿ ಏನು ಹಾಕ್ಕೊಳ್ಳೋದು: ನನ್ನ ಅನುಭವ

ಮೊದಲ ಸಲ ಕಾರಿನ ಟಾಪ್, ಅಂದರೆ ಮೇಲಿನ ಚಾವಣಿ, ತೆಗೆದು ಮೈಸೂರಿನಿಂದ ಮಂಡ್ಯಕ್ಕೆ ಹೋಗಿ ಬಂದ ದಿನ ಸಂಜೆ, ಕೈಕಾಲು ತೊಳೆಯುವಾಗ ಬಲಗೈ ಚುರ್ ಎಂದಿತು. ಮೊಣಕೈಯಿಂದ ಮಣಿಕಟ್ಟಿನವರೆಗೆ ಕೆಂಪಾಗಿತ್ತು. ಕಿವಿಯ ತುದಿ, ಕತ್ತಿನ ಹಿಂಭಾಗ, ಬೈತಲೆಯ ಗೆರೆ ಎಲ್ಲ ಉರಿಯುತ್ತಿತ್ತು. ದಾರಿಯಲ್ಲಿ ಒಂದು ಸಲವೂ ಬಿಸಿಲು ಜಾಸ್ತಿ ಅಂತ ಅನಿಸಿರಲಿಲ್ಲ. ತಣ್ಣಗೆ ಗಾಳಿ ಬೀಸುತ್ತಿತ್ತು. ಎಷ್ಟು ಹಾಯಾಗಿದೆ ಅಂದುಕೊಂಡೇ ಓಡಿಸಿದ್ದೆ.

ನನ್ನದು ಸ್ಯಾನ್ ಸ್ಟಾರ್ಮ್. ಎರಡೇ ಸೀಟು, ಫೈಬರ್‌ಗ್ಲಾಸ್ ಬಾಡಿ, 1149 ಸಿಸಿಯ ರೆನೋ ಎಂಜಿನ್. ನಮ್ಮ ದೇಶದಲ್ಲೇ ತಯಾರಾದ ಪುಟ್ಟ ಸ್ಪೋರ್ಟ್ಸ್ ಕಾರು. ಈಗ ರಸ್ತೆಯಲ್ಲಿ ಕಾಣುವುದು ಅಪರೂಪ. ಸೆಕೆಂಡ್ ಹ್ಯಾಂಡ್ ತಗೊಂಡು ಆರು ವರ್ಷ ಆಯಿತು. ಕಾರನ್ನು ನೋಡಿದವರು ಮೈಲೇಜ್ ಕೇಳುತ್ತಾರೆ, ಪಾರ್ಟ್ಸ್ ಸಿಗುತ್ತಾ ಅಂತ ಕೇಳುತ್ತಾರೆ. ಆದರೆ ಹೆಂಗಸರು ಕೇಳುವ ಪ್ರಶ್ನೆ ಬೇರೆ. ಕೂದಲಿಗೆ ಏನು ಮಾಡ್ತೀರಿ? ಸೀರೆ ಉಟ್ಟುಕೊಂಡು ಓಡಿಸೋಕೆ ಆಗುತ್ತಾ? ನನಗೂ ಉತ್ತರ ಗೊತ್ತಿರಲಿಲ್ಲ. ಒಂದೊಂದಾಗಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಬಿಸಿಲಿನ ವಿಷಯ. ಮಾಮೂಲಿ ಕಾರಿನಲ್ಲಿ ತಲೆ ಮೇಲೆ ತಗಡು ಇರುತ್ತೆ. ಮುಂದಿನ ಗಾಜು ಎರಡು ಪದರದ್ದು, ನಡುವೆ ಪ್ಲಾಸ್ಟಿಕ್ ಹಾಳೆ ಇರುವುದರಿಂದ ಚರ್ಮ ಸುಡುವ ನೇರಳಾತೀತ ಕಿರಣಗಳನ್ನು ಬಹುಪಾಲು ತಡೆಯುತ್ತೆ. ಟಾಪ್ ತೆಗೆದರೆ ತಗಡಿನ ರಕ್ಷಣೆ ಇಲ್ಲ, ಮೇಲಿಂದ, ಪಕ್ಕದಿಂದ ಬೀಳುವ ಬಿಸಿಲನ್ನು ಮುಂದಿನ ಗಾಜೂ ತಡೆಯುವುದಿಲ್ಲ. ಅದರ ಮೇಲೆ ಗಾಳಿ ಚರ್ಮವನ್ನು ತಣ್ಣಗಿಡುತ್ತೆ, ಸುಡುತ್ತಿರುವುದು ಗೊತ್ತೇ ಆಗುವುದಿಲ್ಲ. ನಾನು ಹೋಗಿದ್ದು ಏಪ್ರಿಲ್ ಕೊನೆಯಲ್ಲಿ. ಆ ಹೊತ್ತಿಗೆ ಮಧ್ಯಾಹ್ನ ಸೂರ್ಯ ಮೈಸೂರಿನ ನೆತ್ತಿಯ ಮೇಲೇ ಇರುತ್ತಾನೆ. ಆಗಸ್ಟ್ ಮೂರನೇ ವಾರದಲ್ಲಿ ಇನ್ನೊಂದು ಸಲ ಹಾಗೇ ಬರುತ್ತಾನೆ.

ಬಲಗೈಯೇ ಯಾಕೆ ಜಾಸ್ತಿ ಸುಟ್ಟಿತು ಅಂತ ಆಮೇಲೆ ಯೋಚಿಸಿದೆ. ಮೈಸೂರಿನಿಂದ ಮಂಡ್ಯ ಈಶಾನ್ಯಕ್ಕಿದೆ. ಬೆಳಿಗ್ಗೆ ಹೋಗುವಾಗ ಬಿಸಿಲು ಮುಂದಿನಿಂದ, ಸ್ವಲ್ಪ ಬಲಕ್ಕೆ. ಸಂಜೆ ವಾಪಸ್ ಬರುವಾಗ ಸೂರ್ಯ ಪಶ್ಚಿಮದಲ್ಲಿ, ಆಗಲೂ ಬಲಕ್ಕೇ. ಡ್ರೈವರ್ ಸೀಟು ಇರುವುದೂ ಬಲಕ್ಕೆ. ಹೋಗಿ ಬರುವಾಗ ಎರಡೂ ಸಲ ಅದೇ ಕೈಗೆ ಬಿಸಿಲು. ಅವತ್ತಿನಿಂದ ಯಾವ ಊರಿಗೆ ಹೊರಟರೂ ಸೂರ್ಯ ಯಾವ ಕಡೆ ಇರುತ್ತಾನೆ ಅಂತ ಮೊದಲು ನೋಡಿಕೊಳ್ಳುತ್ತೇನೆ.

ಬಟ್ಟೆ ಆರಿಸುವಾಗ ನನ್ನ ಪರೀಕ್ಷೆ ಒಂದೇ. ಬಟ್ಟೆಯನ್ನು ಬಾಗಿಲ ಹತ್ತಿರ ಬೆಳಕಿಗೆ ಹಿಡಿಯುತ್ತೇನೆ. ಅದರೊಳಗಿಂದ ನನ್ನ ಬೆರಳು ಕಂಡರೆ ಬಿಸಿಲೂ ಒಳಗೆ ಬರುತ್ತೆ ಅಂತ ಲೆಕ್ಕ. ಬಿಸಿಲಿಗೆ ಬಿಳಿ ಬಟ್ಟೆ ಒಳ್ಳೆಯದು ಅಂತ ಎಲ್ಲರೂ ಹೇಳುತ್ತಾರೆ, ಅಲ್ವಾ? ಸೆಕೆಗೆ ಅದು ಸರಿ. ಆದರೆ ತೆಳ್ಳಗಿನ ಬಿಳಿ ಕಾಟನ್ ನೇರಳಾತೀತ ಕಿರಣಗಳನ್ನು ಅಷ್ಟಾಗಿ ತಡೆಯುವುದಿಲ್ಲ. ಒತ್ತಾಗಿ ನೇಯ್ದ ಗಾಢ ಬಣ್ಣದ ಬಟ್ಟೆ ಚೆನ್ನಾಗಿ ತಡೆಯುತ್ತೆ. ಗಾಳಿ ಬೀಸುತ್ತಲೇ ಇರುವುದರಿಂದ ಗಾಢ ಬಣ್ಣ ನನಗೆ ಅಷ್ಟೊಂದು ಸೆಕೆ ಅನಿಸಿಲ್ಲ. ಹಾಗಾಗಿ ಒತ್ತು ನೇಯ್ಗೆಯ ನೀಲಿ ಕಾಟನ್ ತಂದು, ನಮ್ಮ ಬೀದಿಯ ಟೈಲರ್ ಹತ್ತಿರ ತುಂಬುತೋಳಿನ ಎರಡು ಷರ್ಟ್ ಹೊಲಿಸಿದೆ. ಕಾಲರ್ ಬೇಡ, ಪಟ್ಟಿ ಕತ್ತು ಇಡಿ ಅಂದೆ. "ಮೇಡಂ, ಕಾಲರ್ ಇದ್ರೆ ಕತ್ತಿಗೆ ನೆರಳಲ್ವಾ?" ಅಂತ ಕೇಳಿದರು. ಕೇಳಿದ್ದು ಸರಿಯೇ. ಆದರೆ ಕಾರಿನ ವೇಗ ಎಪ್ಪತ್ತು ದಾಟಿದರೆ ಸಡಿಲ ಕಾಲರ್ ಕತ್ತಿಗೆ ಪಟಪಟ ಹೊಡೆಯುತ್ತೆ. ಅರ್ಧ ಗಂಟೆ ಹೊಡೆಸಿಕೊಂಡರೆ ಅಲ್ಲಿ ಗೀರು ಬೀಳುತ್ತೆ. ಕತ್ತಿನ ನೆರಳಿಗೆ ಬೇರೆ ದಾರಿ ಇದೆ, ಮುಂದೆ ಹೇಳುತ್ತೇನೆ.

ಈಗ ಗಾಳಿ. ಗಾಳಿ ಮುಂದಿನಿಂದ ಬಂದು ಕೂದಲನ್ನು ಹಿಂದಕ್ಕೆ ಹಾರಿಸುತ್ತೆ ಅಂತ ನಾನು ನಂಬಿದ್ದೆ. ಫೋಟೋಗಳಲ್ಲಿ ಹಾಗೇ ಕಾಣುತ್ತೆ. ಆದರೆ ನನ್ನ ಕೂದಲು ಮುಖದ ಮೇಲೇ ಬಂದು ಬೀಳುತ್ತಿತ್ತು. ಒಂದು ಭಾನುವಾರ ಬೆಳಿಗ್ಗೆ ಸೀಟಿನ ಹೆಡ್‌ರೆಸ್ಟಿಗೆ ಒಂದು ಗೇಣು ಉಲ್ಲನ್ ದಾರ ಕಟ್ಟಿ, ತಂಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ರಿಂಗ್ ರೋಡಿಗೆ ಹೋದೆ. ಅರವತ್ತರಲ್ಲಿ ಹೋಗುವಾಗ ದಾರ ಹೇಗಿದೆ ನೋಡು ಅಂದೆ. "ಅಕ್ಕ, ಅದು ಮುಂದಕ್ಕೆ ಬರ್ತಾ ಇದೆ!" ಅಂದಳು. ಗಾಳಿ ಮುಂದಿನ ಗಾಜಿನ ಮೇಲಿಂದ ಹಾರಿ ಹೋಗುತ್ತೆ. ಗಾಜಿನ ಹಿಂದೆ, ನಾವು ಕೂತಿರುವ ಜಾಗದಲ್ಲಿ ಒತ್ತಡ ಕಡಿಮೆಯಾಗುತ್ತೆ. ಅದನ್ನು ತುಂಬಲು ಗಾಳಿ ಸೀಟಿನ ಹಿಂದಿನಿಂದ ಸುಳಿದು ಒಳಗೆ ಬರುತ್ತೆ. ಅಂದರೆ ನಮ್ಮ ತಲೆಗೆ ಗಾಳಿ ಹೊಡೆಯುವುದು ಬೆನ್ನಿನ ಕಡೆಯಿಂದ. ಪಕ್ಕದ ಗಾಜು ಏರಿಸಿದರೆ ಸ್ವಲ್ಪ ಕಡಿಮೆಯಾಗುತ್ತೆ, ಪೂರ್ತಿ ನಿಲ್ಲುವುದಿಲ್ಲ.

ಇದು ಗೊತ್ತಾದ ಮೇಲೆ ಹಳೆಯ ತಪ್ಪುಗಳೆಲ್ಲ ಅರ್ಥವಾದವು. ಕೆಆರ್‌ಎಸ್ ರಸ್ತೆಯಲ್ಲಿ ನನ್ನ ಟೋಪಿ ಹಾರಿದ್ದು ಹಿಂದಿನಿಂದ ಎದ್ದು, ಮುಂದಿನಿಂದಲ್ಲ. ಅಗಲ ಅಂಚಿನ ಹ್ಯಾಟ್ ಅಂತೂ ಬೇಡವೇ ಬೇಡ. ಕೂದಲಿಗೆ ಬಿಗಿಯಾದ ಜಡೆ, ಅದೂ ಕತ್ತಿನ ಹತ್ತಿರ, ಕೆಳಗೆ. ತುರುಬು ಕಟ್ಟಿದರೆ, ದೊಡ್ಡ ಕ್ಲಿಪ್ ಹಾಕಿದರೆ ತಲೆ ಹೆಡ್‌ರೆಸ್ಟಿನಿಂದ ದೂರ ಬರುತ್ತೆ. ಹಿಂದಿನಿಂದ ಯಾರಾದರೂ ಗುದ್ದಿದರೆ ಕತ್ತಿಗೆ ಆಸರೆ ಇರುವುದಿಲ್ಲ. ಕ್ಲಿಪ್ಪಿನ ಹಲ್ಲು ತಲೆಗೆ ಚುಚ್ಚಬಹುದು. ಜಡೆಯ ತುದಿಯನ್ನು ಷರ್ಟಿನ ಒಳಗೆ ಬಿಡುತ್ತೇನೆ.

ಅದರ ಮೇಲೆ ಸ್ಕಾರ್ಫ್. ರೇಷ್ಮೆ ಜಾರುತ್ತೆ, ತೊಳೆದು ತೊಳೆದು ಮೆತ್ತಗಾದ ಕಾಟನ್ ಒಳ್ಳೆಯದು. ಒಂದು ಗಜಕ್ಕೆ ಒಂದು ಗಜ, ಚೌಕ. ತ್ರಿಕೋನಕ್ಕೆ ಮಡಿಸಿ, ಮಡಿಕೆ ಹಣೆಯ ಮೇಲೆ ಬರುವ ಹಾಗೆ ಹೊದೆಯಬೇಕು. ಎರಡು ತುದಿಗಳನ್ನು ಗಲ್ಲದ ಕೆಳಗೆ ಒಂದರ ಮೇಲೊಂದು ದಾಟಿಸಿ, ಕತ್ತಿನ ಹಿಂದಕ್ಕೆ ತಂದು, ಹಿಂದಿನ ತ್ರಿಕೋನದ ಮೇಲೆ ಗಂಟು ಹಾಕಬೇಕು. ಸುಮ್ನೆ ಗಲ್ಲದ ಕೆಳಗೆ ಗಂಟು ಹಾಕಿದರೆ ಹಿಂದಿನ ಗಾಳಿ ಒಳಹೊಕ್ಕು ಬಲೂನಿನಂತೆ ಉಬ್ಬಿಸುತ್ತೆ. ಗಂಟು ಹಿಂದೆ ಬಿದ್ದರೆ ಗಾಳಿ ಒಳಗೆ ನುಗ್ಗಲು ಜಾಗವೇ ಇಲ್ಲ. ಕತ್ತು, ಕಿವಿ, ಬೈತಲೆ ಮೂರಕ್ಕೂ ನೆರಳು. ಗಂಟಿನಿಂದ ಹೊರಗೆ ಉಳಿದ ಕೊನೆಗಳನ್ನು ಕತ್ತುಪಟ್ಟಿಯ ಒಳಗೆ ತುರುಕಲೇಬೇಕು. ಉದ್ದಕ್ಕೆ ಬಿಡಬಾರದು.

ಇದನ್ನು ಒತ್ತಿ ಹೇಳಲು ಕಾರಣ ಇದೆ. 1927ರ ಸೆಪ್ಟೆಂಬರಿನಲ್ಲಿ ಫ್ರಾನ್ಸಿನ ನೀಸ್ ಊರಿನಲ್ಲಿ ಹೆಸರಾಂತ ನರ್ತಕಿ ಇಸಡೋರಾ ಡಂಕನ್ ತೆರೆದ ಕಾರಿನಲ್ಲಿ ಕೂತು ಹೊರಟರು. ಕತ್ತಿಗೆ ಸುತ್ತಿದ್ದ ಉದ್ದನೆಯ ರೇಷ್ಮೆ ಸ್ಕಾರ್ಫ್ ಹಿಂದಿನ ಚಕ್ರಕ್ಕೆ ಸಿಕ್ಕಿ ಅಲ್ಲೇ ತೀರಿಕೊಂಡರು. ನಾನು ಇದನ್ನು ಮೊದಲೇ ಓದಿದ್ದೆ. ಆದರೂ ಅಮ್ಮನ ಸೆರಗಿನ ದಿನದವರೆಗೆ ಅದು ನನ್ನ ಕಾರಿಗೆ ಸಂಬಂಧಿಸಿದ್ದು ಅನಿಸಿರಲಿಲ್ಲ.

ಗಂಜಾಂನ ನಿಮಿಷಾಂಬ ದೇವಸ್ಥಾನಕ್ಕೆ ಹೋಗೋಣ ಅಂತ ಅಮ್ಮ ಹೊರಟಿದ್ದಳು. ಮೈಸೂರು ಸಿಲ್ಕ್ ಸೀರೆ, ಮುಡಿ ತುಂಬ ಮಲ್ಲಿಗೆ. ಬೇರೆ ಸೀರೆ ಉಡು ಅಂದೆ. "ಕಾರಲ್ಲಿ ತಾನೆ ಹೋಗೋದು, ಸ್ಕೂಟರ್ ಅಲ್ವಲ್ಲ ಕಣೆ" ಅಂದಳು. ಊರಾಚೆ ಬಂದು ವೇಗ ಸ್ವಲ್ಪ ಜಾಸ್ತಿ ಮಾಡಿದೆ. ಎಡಗನ್ನಡಿಯಲ್ಲಿ ಏನೋ ಹಸಿರು ಆಡಿದಂತಾಯಿತು. ಅಮ್ಮನ ಸೆರಗು! ಸೆರಗು ಎಡ ಹೆಗಲಿನದು, ಅಮ್ಮ ಕೂತಿದ್ದೂ ಎಡ ಸೀಟು, ಬಾಗಿಲ ಪಕ್ಕ. ರೇಷ್ಮೆ ಬಟ್ಟೆ ಸದ್ದಿಲ್ಲದೆ ಜಾರಿ ಬಾಗಿಲ ಮೇಲಿಂದ ಹೊರಗೆ ಹೋಗಿ, ಹಿಂದಿನ ಚಕ್ರದ ಮೇಲೆ ತೇಲುತ್ತಿತ್ತು. ಪಕ್ಕದಲ್ಲೇ ಒಂದು ಬೈಕ್ ಬರುತ್ತಿತ್ತು. ಅದರ ಹ್ಯಾಂಡಲ್ಲಿಗೆ ಸಿಕ್ಕಿದ್ದರೆ? ನಿಧಾನಕ್ಕೆ ಎಡಕ್ಕೆ ತಂದು ನಿಲ್ಲಿಸಿದೆ. ನನ್ನ ಕೈ ನಡುಗುತ್ತಿತ್ತು.

ಅಲ್ಲೇ ರಸ್ತೆ ಬದಿಯಲ್ಲಿ ಸೆರಗನ್ನು ಬೆನ್ನಿನ ಸುತ್ತ ತಂದು ಬಲ ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿದೆವು. ಹೆಗಲ ಹತ್ತಿರ ರವಿಕೆಗೆ ಎರಡು ಪಿನ್. ಅದರ ಮೇಲೆ ಸೀಟ್ ಬೆಲ್ಟ್. ಮಲ್ಲಿಗೆ ಅಷ್ಟರಲ್ಲೇ ಅರ್ಧ ಉದುರಿ ಬಾಳೆ ನಾರು ಕಾಣುತ್ತಿತ್ತು. ಈಗ ಅಮ್ಮ ಬಂದರೆ ಕಾಟನ್ ಸೀರೆ, ಮನೆಯಲ್ಲೇ ಪಿನ್, ಹೂವಿನ ಮೇಲೆ ನನ್ನ ಥರವೇ ಸ್ಕಾರ್ಫ್. ದೇವಸ್ಥಾನದ ಹತ್ತಿರ ಸ್ಕಾರ್ಫ್ ಬಿಚ್ಚಿದರೆ ಹೂವು ಹಾಗೇ ಇರುತ್ತೆ, ಘಮ ಇನ್ನೂ ಜಾಸ್ತಿ. ನಾನು ಓಡಿಸುವಾಗ ಮಾತ್ರ ಸೀರೆ ಉಡುವುದಿಲ್ಲ, ವೇಲೂ ಇಲ್ಲ. ಉದ್ದ ಕುರ್ತಾ ಕೂಡ ಬಿಟ್ಟೆ. ಅದರ ಪಕ್ಕದ ಸೀಳು ಹ್ಯಾಂಡ್‌ಬ್ರೇಕಿಗೆ ಸಿಕ್ಕಿಹಾಕಿಕೊಳ್ಳುತ್ತಿತ್ತು.

ಒಡವೆ ವಿಷಯ ಎರಡೇ ಮಾತು. ಜುಮುಕಿ ಕೆನ್ನೆಗೆ ಹೊಡೆಯುತ್ತೆ, ಪುಟ್ಟ ಓಲೆ ಸಾಕು. ಸರ ಷರ್ಟಿನ ಒಳಗಿರಲಿ.

ಪ್ಯಾಂಟು ಕಾಲು ತುಂಬ ಇರಬೇಕು. ಕಪ್ಪು ರೆಕ್ಸಿನ್ ಸೀಟು ಬಿಸಿಲಲ್ಲಿ ಒಂದು ಗಂಟೆ ನಿಂತರೆ ಕಾವಲಿಯ ಹಾಗೆ ಕಾಯುತ್ತೆ, ಬೆಲ್ಟಿನ ಕಬ್ಬಿಣವೂ ಅಷ್ಟೇ. ನಿಲ್ಲಿಸಿ ಹೋಗುವಾಗ ಸೀಟಿನ ಮೇಲೆ ಒಂದು ಟವೆಲ್ ಹಾಸಿ ಹೋಗುತ್ತೇನೆ. ಚಪ್ಪಲಿ ಹಾಕುವುದಿಲ್ಲ. ಪುಟ್ಟ ಕಾರು, ಪೆಡಲ್‌ಗಳು ಹತ್ತಿರ ಹತ್ತಿರ ಇವೆ. ಅಗಲ ಅಂಚಿನ ಶೂ ಒಂದೇ ಸಲ ಎರಡನ್ನು ಒತ್ತಿಬಿಡುತ್ತೆ. ಬಿಡಿ ಚಪ್ಪಲಿ ಜಾರಿ ಬ್ರೇಕಿನ ಕೆಳಗೆ ಹೋದರೆ ಕಥೆ ಮುಗಿಯಿತು. ತೆಳು ಅಡಿಯ, ಕಿರಿದಾದ ಕ್ಯಾನ್ವಾಸ್ ಶೂ ನನಗೆ ಸರಿಹೋಗಿದೆ.

ಕಣ್ಣಿಗೆ ಕೂಲಿಂಗ್ ಗ್ಲಾಸ್ ಬೇಕೇ ಬೇಕು. ಪಕ್ಕಗಳನ್ನೂ ಸುತ್ತಿ ಮುಚ್ಚುವಂಥದ್ದು, ಯುವಿ 400 (ನೇರಳಾತೀತ ಕಿರಣ ತಡೆಯುತ್ತೆ ಅನ್ನುವ ಗುರುತು) ಅಂತ ಬರೆದಿರುವುದು. ಆದರೆ ಕಡ್ಡಿ ತುಂಬ ಅಗಲ ಇದ್ದರೆ ಪಕ್ಕದಿಂದ ಬರುವ ಗಾಡಿ ಕಾಣುವುದಿಲ್ಲ. ಹಾಕಿಕೊಂಡು ಎರಡೂ ಕಡೆ ಕಣ್ಣು ಹೊರಳಿಸಿ ನೋಡಿ ತಗೊಳ್ಳಿ. ಮಂಡ್ಯದ ಕಡೆ ಕಬ್ಬಿನ ಲಾರಿಯ ಹಿಂದೆ ಸಿಕ್ಕರೆ ಒಣ ತರಗು, ಧೂಳು ಎಲ್ಲ ನೇರ ಕಾರಿನೊಳಗೆ ಬೀಳುತ್ತೆ. ಅದಕ್ಕಿಂತ ಕಷ್ಟ ಸಂಜೆಯದು. ಆರೂವರೆ ಹೊತ್ತಿಗೆ ನಾಲೆ ಬದಿ, ಗದ್ದೆ ಬದಿ ಹೋದರೆ ಹುಳುಗಳ ಹಿಂಡು. ಕಪ್ಪು ಕನ್ನಡಕ ಹಾಕಿದರೆ ರಸ್ತೆ ಕಾಣಲ್ಲ, ತೆಗೆದರೆ ಕಣ್ಣಿಗೆ ಹುಳ. ಹಾಗಾಗಿ ಪವರ್ ಇಲ್ಲದ ಬಿಳಿ ಗಾಜಿನ ಕನ್ನಡಕ ಒಂದನ್ನು ಬೇರೆಯೇ ಇಟ್ಟುಕೊಂಡಿದ್ದೇನೆ. ಕತ್ತಲಾಗುವ ಮುಂಚೆ ಗಾಡಿ ನಿಲ್ಲಿಸಿಯೇ ಬದಲಾಯಿಸುತ್ತೇನೆ.

ಡಿಸೆಂಬರ್, ಜನವರಿಯ ಬೆಳಿಗ್ಗೆ ಚಾಮುಂಡಿ ಬೆಟ್ಟಕ್ಕೆ ಹೋಗುವುದು ನನಗೆ ಎಲ್ಲಕ್ಕಿಂತ ಇಷ್ಟ. ಕಾಲಿಗೆ ಎಂಜಿನ್ನಿನ ಬಿಸಿ ತಾಗುತ್ತೆ, ಎದೆಯಿಂದ ಮೇಲೆ ಕೊರೆಯುವ ಚಳಿ. ದಪ್ಪ ಸ್ವೆಟರ್ ಒಂದೇ ಹಾಕಿದರೆ ಗಾಳಿ ಅದರ ಕಣ್ಣುಗಳಲ್ಲಿ ನುಗ್ಗುತ್ತೆ. ತೆಳು ಸ್ವೆಟರ್, ಅದರ ಮೇಲೆ ಗಾಳಿ ತಡೆಯುವ ಜರ್ಕಿನ್, ಜಿಪ್ ಕತ್ತಿನವರೆಗೆ. ತುಂಬ ದಪ್ಪ ಬಟ್ಟೆ ಹಾಕಿದರೆ ಸೀಟ್ ಬೆಲ್ಟ್ ಮೈಗೆ ಒತ್ತಿ ಕೂರುವುದಿಲ್ಲ, ಅದನ್ನು ಮರೆಯಬೇಡಿ. ಅದೇ ಜರ್ಕಿನ್ ಮುಂಗಾರು ಮುಂಚಿನ ಸಂಜೆ ಮಳೆಗೂ ಆಗುತ್ತೆ. ಓಡುತ್ತಿರುವಾಗ ಹನಿಗಳು ತಲೆ ಮೇಲಿಂದ ಹಾರಿ ಹೋಗುತ್ತವೆ, ಸಿಗ್ನಲ್ಲಿನಲ್ಲಿ ನಿಂತ ತಕ್ಷಣ ಒದ್ದೆ. ಮೋಡ ಕಂಡರೆ ಮೊದಲು ಟಾಪ್ ಹಾಕಿಬಿಡುತ್ತೇನೆ.

ಕೈಬೆರಳುಗಳ ಹಿಂಭಾಗಕ್ಕೆ ಏನು ಮಾಡುವುದು ಅನ್ನುವುದು ಮಾತ್ರ ಇನ್ನೂ ಬಗೆಹರಿದಿಲ್ಲ. ಸ್ಕೂಟರಿನವರು ಹಾಕುವ ಕಾಟನ್ ಗ್ಲೌಸ್ ಸ್ಟೀರಿಂಗ್ ಮೇಲೆ ಜಾರುತ್ತೆ. ಚರ್ಮದ್ದು ಹಿಡಿತ ಚೆನ್ನಾಗಿದೆ, ಏಪ್ರಿಲ್‌ನಲ್ಲಿ ಒಳಗೆಲ್ಲ ಬೆವರು. ಸದ್ಯಕ್ಕೆ ಎಸ್‌ಪಿಎಫ್ 50ರ ಸನ್‌ಸ್ಕ್ರೀನ್ ಹಚ್ಚುತ್ತಿದ್ದೇನೆ, ಎರಡು ಗಂಟೆಗೊಮ್ಮೆ. ಅಂಗೈಗೆ ತಾಗಿದರೆ ಸ್ಟೀರಿಂಗ್ ಜಾರುತ್ತೆ. ಹಾಗಾಗಿ ಒಂದು ಕೈಯ ಹಿಂಭಾಗಕ್ಕೆ ಒಂದು ಹನಿ ಹಾಕಿ, ಇನ್ನೊಂದು ಕೈಯ ಹಿಂಭಾಗದಿಂದಲೇ ಉಜ್ಜುತ್ತೇನೆ.